ಮ್ಯಾಗ್ಡಲಿನಳ ಸೊಟ್ಟ ಬೆರಳು

ಮಗಳನ್ನು ಸಿಡ್ನಿಗೆ ವಾಪಸ್ ಕರೆತರಬೇಕು. ಮೆಲ್ಬರ್ನಿನ ವಿಮಾನ ಹತ್ತುವಾಗ ಮ್ಯಾಗ್ಡಲಿನಳಿಗೆ ಇದ್ದದ್ದು ಇದೊಂದೇ ಆಸೆ. ಕೈಚೀಲದಲ್ಲಿ ಕರಿಗಡುಬಿನಂಥ ನೆವ್ರಿಗಳ ಡಬ್ಬಿಯೂ ಇತ್ತೆನ್ನಿ. ಬರೀ ಬಾಯಿಮಾತಿಗೆ ಬಗ್ಗುವ ಹುಡುಗಿಯಾಗಿದ್ದರೆ ಜೋವಿಟಾ ಸಂಗೀತ ಕಲಿಯುತ್ತೇನೆಂದು ಮನೆಬಿಟ್ಟು ಹೋಗುತ್ತಲೇ ಇರಲಿಲ್ಲ.

ನೆವ್ರಿಗಿಂತ ದೊಡ್ಡ ಆಮಿಷ ಇನ್ನೊಂದಿತ್ತು. ಸಿಡ್ನಿಯಲ್ಲಿ ಅವರ ಮನೆಯಿದ್ದ ಟೂಂಗಾಬಿಯ ಹತ್ತಿರದ ಚರ್ಚಿನಲ್ಲಿ ತಿಂಗಳಿಗೊಮ್ಮೆ ನಡೆಯುವ ಕೊಂಕಣಿ ಬಲಿಪೂಜೆಗೆ ಆರ್ಗನ್ ನುಡಿಸುವ ಜಾಗ ಖಾಲಿಯಾಗಿತ್ತು. ಇಷ್ಟು ವರ್ಷ ಆ ಆರ್ಗನ್ನಿನ ಬೆಂಚಿನ ಮೇಲೆ ಕೂತವಳು ಮ್ಯಾಗ್ಡಲಿನಳೇ. ಜೋವಿಟಾ ಚಿಕ್ಕವಳಿದ್ದಾಗ ಅಮ್ಮನ ಬಲಕ್ಕೆ ಅಂಟಿಕೊಂಡು, ನೆಲಕ್ಕೆ ಎಟುಕದ ಕಾಲು ಅಲ್ಲಾಡಿಸುತ್ತಾ, ಕೈಯನ್ನೇ ನೋಡುತ್ತಿದ್ದಳು. ಆ ಕೈ ನೋಡುವಂಥದ್ದೇನೂ ಅಲ್ಲ. ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಂಚದ ಕಂಬಿಗೆ ಸಿಕ್ಕಿ ಬಲಗೈಯ ಉಂಗುರದ ಬೆರಳು ಸೊಟ್ಟಗಾಗಿತ್ತು. ಅಂದಿನಿಂದ ಅದು ಪಕ್ಕದ ಕಪ್ಪು ಕೀಯನ್ನು ಸೋಕಿಯೇ ಬಿಳಿ ಕೀಗೆ ಜಾರುತ್ತಿತ್ತು. ಕೇಳುವವರಿಗೆ ಸ್ವರ ಒಮ್ಮೆ ಎಡವಿ ಎದ್ದಂತಾಗುತ್ತಿತ್ತು.

ಹಳೆಯ ಪಾದ್ರಿಗಳಿಗೆ ಅದು ಕೇಳಿಸುತ್ತಿತ್ತೋ ಇಲ್ಲವೋ ದೇವರೇ ಬಲ್ಲ. ಗಾಯಕರ ತಂಡಕ್ಕೆ ಹೊಸದಾಗಿ ಮುಖ್ಯಸ್ಥನಾದ ಮೆಲ್ರಾಯ್‌ಗೆ ಮಾತ್ರ ಚೆನ್ನಾಗಿ ಕೇಳಿಸಿತು. ಸಾಫ್ಟ್‌ವೇರಿನ ಹುಡುಗ, ಎಲ್ಲಿ ತಪ್ಪಿದೆಯೆಂದು ಹುಡುಕುವುದೇ ಅವನ ಹೊಟ್ಟೆಪಾಡು. ಆಂಟಿ ಇನ್ನು ರೆಸ್ಟ್ ತಗೊಳ್ಳಲಿ, ಜೋವಿಟಾ ಬಂದು ನುಡಿಸಿದರೆ ಎಲ್ಲರಿಗೂ ಖುಷಿ ಎಂದು ಬಲು ಮರ್ಯಾದೆಯಿಂದಲೇ ಹೇಳಿದ. ಬೆರಳಿನ ಕಥೆ ತೆಗೆದರೆ ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾದೀತೆಂದು ಅವಳು ಅದನ್ನೆತ್ತದೆ ಎದ್ದು ಬಂದಳು. ಆ ರಾತ್ರಿ ಅಳು ಬಂತು. ಆಮೇಲೆ, ಈ ನೆಪದಲ್ಲಾದರೂ ಮಗಳು ಮನೆಗೆ ಬಂದಾಳು ಎನ್ನುವ ಆಸೆ ಹುಟ್ಟಿತು.

ಮೆಲ್ಬರ್ನಿನಲ್ಲಿ ಜೋವಿಟಾ ಅಮ್ಮನನ್ನು ಟ್ರಾಮ್ ಹತ್ತಿಸಿ ನೇರ ಬ್ರನ್ಸ್‌ವಿಕ್‌ನ ಒಂದು ಪಬ್ಬಿಗೆ ಕರೆದೊಯ್ದಳು. ಶನಿವಾರ ಮಧ್ಯಾಹ್ನ ಅವಳ ತಂಡದ ಕಾರ್ಯಕ್ರಮ ಅಲ್ಲೇ. ತಾನು ನುಡಿಸುವುದು ಹಾರ್ಡ್ ಬಾಪ್ ಎಂಬ ಜಾಝ್ ಎಂದು ದಾರಿಯಲ್ಲಿ ಅರ್ಧ ಇಂಗ್ಲಿಷು ಅರ್ಧ ಕೊಂಕಣಿಯಲ್ಲಿ ವಿವರಿಸಿದಳು. ಐವತ್ತರ ದಶಕದ ಹೊತ್ತಿಗೆ ಜಾಝ್ ವಿಪರೀತ ಜಾಣತನ ಕಲಿತುಬಿಟ್ಟಿತ್ತಂತೆ. ಆಗ ಅಮೆರಿಕದ ಕಪ್ಪು ಜನಾಂಗದ ಕೆಲವು ಸಂಗೀತಗಾರರು ಹಿಂತಿರುಗಿ ನೋಡಿದರಂತೆ: ಅಜ್ಜಂದಿರ ಬ್ಲೂಸ್ ಎಂಬ ನೋವಿನ ಹಾಡು, ಚಿಕ್ಕಂದಿನ ಚರ್ಚು, ಅಲ್ಲಿಯ ಚಪ್ಪಾಳೆ, ಪಾದ್ರಿ ಒಂದು ಮಾತೆಂದರೆ ಜನ ಕೂಗಿ ಕೊಡುವ ಉತ್ತರ. ಅದನ್ನೆಲ್ಲ ಜಾಝಿನೊಳಗೆ ತಂದರು. ದೊಡ್ಡ ಆರ್ಗನ್ ಕೊಳ್ಳಲಾಗದ ಚರ್ಚುಗಳಲ್ಲಿದ್ದ ಕರೆಂಟಿನ ಆರ್ಗನ್ನೂ ಹಾಗೇ ಬಾರಿಗೆ ಬಂತು. ಚರ್ಚಿನಿಂದ ನೇರ ಬಾರಿಗೆ ಹೋಗುವ ಗಂಡಸರನ್ನು ಮ್ಯಾಗ್ಡಲಿನ್ ಬೇಕಾದಷ್ಟು ಕಂಡಿದ್ದಳು. ಆರ್ಗನ್ ಹೋದ ಸುದ್ದಿ ಕೇಳಿದ್ದು ಇದೇ ಮೊದಲು.

ಮೊದಲ ಹಾಡುಗಳ ಗದ್ದಲ ಅವಳಿಗೆ ಹಿಡಿಸಲಿಲ್ಲ. ಆಮೇಲೆ ಡ್ರಮ್ಮಿನವನು ಕೈ ತಗ್ಗಿಸಿದ, ಸ್ಯಾಕ್ಸೊಫೋನಿನವನು ಪಕ್ಕಕ್ಕೆ ಸರಿದ. ಜೋವಿಟಾ ಒಬ್ಬಳೇ ಆರ್ಗನ್ನಿನಲ್ಲಿ ನಿಧಾನವಾಗಿ ಕೊಂಕಣಿ ಪೂಜೆಯ ಹಾಡೊಂದನ್ನು ನುಡಿಸತೊಡಗಿದಳು. ಎರಡನೆಯ ಸಾಲಿನಲ್ಲಿ ಸ್ವರ ಎಡವಿತು, ಎದ್ದಿತು. ಅದು ಮ್ಯಾಗ್ಡಲಿನಳ ಬೆರಳಿನದೇ ತಪ್ಪು. ಇಷ್ಟು ಜನರೆದುರು ಮಗಳ ಮಾನ ಹೋಯಿತಲ್ಲ ಎಂದು ಬೆವರಿದಳು. ಆದರೆ ಯಾರೋ ಕಣ್ಣುಮುಚ್ಚಿದರು. ಹಿಂದಿನಿಂದ ಒಬ್ಬ ಮುದುಕ ಹೌದೆಂಬಂತೆ ಹೂಂಗುಟ್ಟಿದ. ಜೋವಿಟಾ ಮತ್ತೆ ಅದೇ ಜಾಗಕ್ಕೆ ಬಂದಳು, ಮತ್ತೆ ಜಾರಿದಳು, ಬೇಕೆಂದೇ.

ಮುಗಿದ ಮೇಲೆ ಮ್ಯಾಗ್ಡಲಿನ್ ಮಗಳ ಬಲಗೈ ಹಿಡಿದು ಬೆರಳು ತಡವಿ ನೋಡಿದಳು. ನೆಟ್ಟಗಿತ್ತು.

"ನಿನ್ನ ಬೆರಳಿಗೆ ಎಂತ ಆಗಿದೆ ಬಾಯೆ? ಸರಿ ಉಂಟಲ್ಲ. ಮತ್ತೆ ಯಾಕೆ ಹಾಗೆ ಜಾರಿದ್ದು?"

"ನೀನು ಹಾಗೇ ನುಡಿಸೋದಲ್ವಾ ಮಮ್ಮಿ? ಆ ಹಾಡೇ ಹಾಗೆ ಅಂದ್ಕೊಂಡಿದ್ದೆ," ಎಂದಳು ಜೋವಿಟಾ. "ಇಲ್ಲಿ ಕಾಲೇಜಲ್ಲಿ ನನ್ನ ಟೀಚರ್, ಇದನ್ನು ಯಾವ ರೆಕಾರ್ಡ್ ಕೇಳಿ ಕಲಿತೆ ಅಂತ ಕೇಳಿದ್ರು. ಮನೆ ತುಂಬ ನೆನಪಾದ್ರೆ ನನ್ನ ಕೈ ಅಲ್ಲಿಗೇ ಹೋಗ್ತದೆ."

ಮ್ಯಾಗ್ಡಲಿನ್ ಬಂದ ವಿಷಯ ಹೇಳಿದಳು. ಮೆಲ್ರಾಯ್ ಅಂದದ್ದನ್ನೂ ಮುಚ್ಚಿಡಲಾಗಲಿಲ್ಲ. ಜೋವಿಟಾ ಡಬ್ಬಿಯ ನೆವ್ರಿಯೊಂದರ ಅಂಚು ಮುರಿದಳು. ಅಮ್ಮನ ಮುಖ ನೋಡದೆ ಹೇಳಿದಳು:

"ನೀನು ಕರೆದ್ರೆ ಬರ್ತೇನೆ ಮಮ್ಮಿ. ಆದ್ರೆ ನಾನು ನುಡಿಸೋದೂ ಹೀಗೇ. ಅಲ್ಲಿ ನನ್ನನ್ನೂ ತಿದ್ದುತ್ತಾರೆ."

ಬಾ ಎನ್ನುವ ಒಂದು ಮಾತು ಸಾಕಿತ್ತು. ಆ ಮಾತಿಗಾಗಿಯೇ ಮ್ಯಾಗ್ಡಲಿನ್ ಬಂದದ್ದು. ಆದರೂ ಅವಳ ಬಾಯಿಂದ ಬಂದದ್ದು, ನೆವ್ರಿ ಬೇಗ ತಿಂದು ಮುಗಿಸು, ಮೆತ್ತಗಾಗುತ್ತದೆ ಎಂಬುದಷ್ಟೇ. ವಾಪಸ್ ಬರುವಾಗ ವಿಮಾನದ ಕಿಟಕಿಗೆ ಮುಖ ಒತ್ತಿ ಸಿಡ್ನಿ ಕಾಣುವವರೆಗೂ ಅತ್ತಳು.

ಮುಂದಿನ ಕೊಂಕಣಿ ಪೂಜೆಯ ದಿನ ಅವಳು ಎಲ್ಲರಿಗಿಂತ ಮೊದಲೇ ಚರ್ಚಿಗೆ ಹೋದಳು. ಜೋವಿಟಾ ಒಪ್ಪಿದಳೇ ಎಂದು ಮೆಲ್ರಾಯ್ ಆಸೆಯಿಂದ ಕೇಳಿದ.

"ಅವಳು ಬರುವುದಿಲ್ಲ ಮಗಾ. ಇಲ್ಲಿ ಜಾಗ ಖಾಲಿ ಇಲ್ಲ."

ಹಾಗೆಂದು ಆರ್ಗನ್ನಿನ ಮುಚ್ಚಳ ತೆಗೆದು ಅದೇ ಹಾಡನ್ನು ನುಡಿಸತೊಡಗಿದಳು. ಎರಡನೆಯ ಸಾಲಿನಲ್ಲಿ ಬೆರಳು ಕಪ್ಪು ಕೀಯನ್ನು ಸೋಕಿತು. ಮೆಲ್ರಾಯ್ ತಿರುಗಿ ನೋಡಿದ. ಅವಳು ಗಾಬರಿಯಿಂದ ಕೈ ಕೀಳಲಿಲ್ಲ. ಬೆರಳನ್ನು ಅಲ್ಲೇ ಒಂದು ಗಳಿಗೆ ನಿಲ್ಲಿಸಿ, ನಿಧಾನವಾಗಿ ಬಿಳಿ ಕೀಗೆ ಜಾರಿಸಿದಳು. ಇಷ್ಟಗಲದ ಬೆಂಚಿನಲ್ಲಿ ಅವಳು ಎಡತುದಿಗೆ ಸರಿದು ಕೂತಿದ್ದಳು. ಬಲಗಡೆ ಒಂದು ಮಗು ಕೂರುವಷ್ಟು ಜಾಗವಿತ್ತು.