ಬೆಳಗಾದರೆ ಸಾಯುವ ಬೈಕು

ಮೆದೆರ್ ಕಿಕ್ಕರ್ ಒದ್ದ. ಇಂಜಿನ್ ಕೆಮ್ಮಿತು, ಒಂದೆರಡು ಉಸಿರು ಎಳೆಯಿತು, ಸತ್ತಿತು. ಮತ್ತೆ ಒದ್ದ. ಮತ್ತೆ ಅದೇ. ಸೋನ್ ಕುಲ್ ಸರೋವರದ ಕಡೆಯಿಂದ ಬೀಸುವ ಗಾಳಿಗೆ ಬೆರಳು ಮರಗಟ್ಟಿದ್ದವು. ಚೋಕಿನ ಕಡ್ಡಿ ಮೇಲೆತ್ತಿ ಒದ್ದ. ಹೊತ್ತಿಕೊಂಡಿತು. ಸ್ವಲ್ಪ ಬಿಸಿಯಾಗಲಿ ಎಂದು ಕಾದು, ಕಡ್ಡಿಯನ್ನು ಮೆಲ್ಲಗೆ, ಮೊಟ್ಟೆ ಇಳಿಸಿದ ಹಾಗೆ ಕೆಳಗಿಳಿಸಿದ. ಸತ್ತಿತು.

"ನಿಮ್ಮಪ್ಪನ..." ಎಂದು ಶುರುಮಾಡಿದವನು ಡೇರೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದು ಕಂಡು ಉಳಿದದ್ದನ್ನು ನುಂಗಿಕೊಂಡ.

"ಬೆಳಬೆಳಗ್ಗೆ ಯಾರಪ್ಪನ್ನೋ ಬೈತಿರೋದು?" ಎಂದಳು ಬುರುಲ್ ಅಜ್ಜಿ. "ಅದಕ್ಕೆ ಅಪ್ಪ ಎಲ್ಲವ್ನೆ? ಅಪ್ಪ ಅಮ್ಮ ಇದ್ದಿದ್ರೆ ಹಿಂಗಾಡ್ತಿತ್ತಾ?"

"ಒಳಗ್ ಹೋಗು ಆಪಾ, ಚಳಿ."

"ಚಳಿ ನನಗಲ್ಲ, ಅದಕ್ಕೆ. ನೋಡು ಹೆಂಗ್ ಕೆಮ್ತಿದೆ ಪಾಪ."

ಮೆದೆರ್ ಹಲ್ಲು ಕಚ್ಚಿದ. ಬೈಕನ್ನು ಅಲ್ಲಾಡಿಸಿ ನೋಡಿದ. ಟ್ಯಾಂಕಿನೊಳಗೆ ಪೆಟ್ರೋಲ್ ಚುಳುಕ್ ಚುಳುಕ್ ಎಂದಿತು. ಅನ್ನ ಇದೆ, ಬಾಯಿ ಇದೆ, ತಿನ್ನುವುದಿಲ್ಲ ಎನ್ನುತ್ತದೆ! ಅಲ್ಲೇ ಬಿಸಾಡಿ, ಹಗ್ಗ ಹೆಗಲಿಗೆ ಹಾಕಿಕೊಂಡು ಗುಡ್ಡದ ಕಡೆ ಓಡಿದ.

ರಾತ್ರಿಯೆಲ್ಲ ಮರಿಗಳ ಜೊತೆ ಮೇಯುವ ಕುದುರೆಗಳನ್ನು ಬೆಳಕು ಹರಿಯುವ ಹೊತ್ತಿಗೆ ಇಳಿಸಿ ತರುವುದು ಮೆದೆರ್‌ನ ಕೆಲಸ. ಮರಿಗಳನ್ನು ಸಾಲಾಗಿ ಹಗ್ಗಕ್ಕೆ ಕಟ್ಟಿದ ಮೇಲೆ ತಾಯಂದಿರು ಅಲ್ಲಿಯೇ ಸುಳಿದಾಡುತ್ತವೆ, ಹೆಂಗಸರು ಹಾಲು ಕರೆಯುತ್ತಾರೆ, ಹಾಲು ತೊಗಲಿನ ಚೀಲದಲ್ಲಿ ಹುಳಿ ಬಂದು ಕುಮಿಸ್ ಆಗುತ್ತದೆ. ತಡವಾದರೆ ಮರಿಗಳೇ ಕುಡಿದು ಮುಗಿಸಿರುತ್ತವೆ. ಬೈಕು ಬಂದಾಗಿನಿಂದ ದಿನಾ ತಡ. ದಿನಾ ಬಿಂದಿಗೆ ಅರ್ಧ. ಅವನು ಓಡಿ ಏದುಸಿರು ಬಿಡುತ್ತಾ ಕುದುರೆಗಳನ್ನು ಇಳಿಸಿ ತರುವಷ್ಟರಲ್ಲಿ ದೊಡ್ಡಪ್ಪ ಓಮುರ್ ಖಾಲಿ ಬಿಂದಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತಿರುತ್ತಿದ್ದ. ಬಯ್ಯುತ್ತಿರಲಿಲ್ಲ. ಬೈದಿದ್ದರೆ ತಿರುಗಿ ಬಯ್ಯಬಹುದಿತ್ತು.

ಈ ಬೈಕಿಗಾಗಿ ಮೆದೆರ್ ತನ್ನ ಕೆಂದು ಕುದುರೆಮರಿಯನ್ನು ಕೊಟ್ಟಿದ್ದ. ತಾನೇ ಹಾಲೂಡಿಸಿ, ತಾನೇ ಬೆನ್ನೇರಿ ಪಳಗಿಸಿದ ಎರಡು ವರ್ಷದ ಮರಿ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಈ ಗುಡ್ಡ ಹತ್ತಿದವನಿಗೆ ಸ್ವಂತದ್ದು ಅಂತ ಇದ್ದದ್ದು ಅದೊಂದೇ. ನಾರಿನ್ ಸಂತೆಯಲ್ಲಿ ಮಾರುವವನು ಹೊಸ ಪಿಟ್ ಬೈಕನ್ನು ಒಂದೇ ಒದೆಗೆ ಹೊತ್ತಿಸಿ ತೋರಿಸಿದ್ದ. ಮೊಣಕಾಲೆತ್ತರದ ಗಾಡಿ, ಗುಂಡಗಿನ ಚಿಕ್ಕ ಚಕ್ರ, ಕಲ್ಲು ಬಂಡೆ ಎನ್ನದೆ ಹತ್ತುವ ಪುಂಡ. ನಿಂತಲ್ಲೇ ಟುಕು ಟುಕು ಎಂದು ಎಷ್ಟು ಸಮನಾಗಿ ಓಡುತ್ತಿತ್ತು! ಮೆದೆರ್‌ನನ್ನು ಮರುಳು ಮಾಡಿದ್ದೇ ಆ ಸದ್ದು. ಕುದುರೆಗಳ ಹಿಂದೆ ಹೋಗಲು ಅಂಥದೇ ಸದ್ದು ಬೇಕು. ಸಮನಾಗಿ ಟುಕುಗುಟ್ಟಿದರೆ ಅವು ಕಿವಿ ನಿಗುರಿಸಿ ಮುಂದೆ ನಡೆಯುತ್ತವೆ. ಸತ್ತು ಸತ್ತು ಗರ್ ಎಂದರೆ ಚೆಲ್ಲಾಪಿಲ್ಲಿ.

ಅವತ್ತು ಓಮುರ್ ಬಿಂದಿಗೆಯ ಮೇಲಿಂದ ಎದ್ದ.

"ನಾಳೆ ಕುಮಿಸ್ ಲಾರಿ ಬರತ್ತೆ," ಎಂದ. "ನಿನ್ನ ಕಬ್ಬಿಣ ಬೆಳಗಿನ ಜಾವ ಕುದುರೆಗಳನ್ನ ಇಳಿಸ್ಕೊಂಡು ಬಂದ್ರೆ ಸರಿ. ಇಲ್ದಿದ್ರೆ ಲಾರಿ ಹತ್ತಿಸ್ತೀನಿ. ಸಂತೇಲಿ ಯಾವುದಾದ್ರೂ ಮುದಿ ಕುದುರೆ ಸಿಕ್ಕಿದ್ರೆ ಸಿಗಲಿ."

"ಬಾಯ್ಕೆ, ಕೆಂದನ್ನ ಕೊಟ್ಟು ತಂದಿದ್ದೀನಿ! ಮುದಿ ಕುದುರೆಗಾ?" ಎಂದು ದೊಡ್ಡಪ್ಪನ ಮೇಲೆ ಎಗರಿದ.

"ಕೊಡೋವಾಗ ನನ್ನ ಕೇಳಿದ್ಯಾ?"

ಕೇಳಿರಲಿಲ್ಲ.

ಮಧ್ಯಾಹ್ನ ಬಿಸಿಲಲ್ಲಿ ಬೈಕನ್ನು ಬಿಚ್ಚಿ ಕೂತ. ಕಾರ್ಬ್ಯುರೇಟರಿನ ತಳದ ಬಟ್ಟಲು ತೆಗೆದು ನೋಡಿದ, ಕಸವಿಲ್ಲ. ಪೆಟ್ರೋಲ್ ಪೈಪು ಕಳಚಿದ, ಧಾರೆ ಹರಿಯಿತು. ಚೋಕಿನ ತಗಡು ಪೂರ್ತಿ ಮುಚ್ಚುತ್ತದೆ, ಪೂರ್ತಿ ತೆರೆಯುತ್ತದೆ. ಎಲ್ಲವೂ ಸರಿಯಾಗಿದ್ದರೆ ತಪ್ಪು ಯಾರದು ಹಾಗಾದರೆ? ನಿಂತಲ್ಲಿನ ಓಟ ಹೆಚ್ಚಿಸುವ ಐಡಲ್ ತಿರುಪನ್ನು ಒಳಗೆ ತಿರುಗಿಸಿದ, ಗಾಳಿಯ ತಿರುಪನ್ನು ಹೊರಗೆ ತಿರುಗಿಸಿದ, ಮತ್ತೆ ಒಳಗೆ. ಒದ್ದ. ಒಂದೇ ಒದೆ! ಟುಕು ಟುಕು ಟುಕು. ಸಂತೆಯಲ್ಲಿ ಕೇಳಿದ ಅದೇ ಸದ್ದು. ಚೋಕೇ ಬೇಡ.

ಓಮುರ್‌ನ ಮಗ ಉಲಾನ್ ಕುದುರೆ ಮೇಲೆ ಬಂದವನು ಇಳಿಯದೆಯೇ ನೋಡಿದ. "ಲೋ ತಮ್ಮ, ಎದ್ಬಿಟ್ಟಿತಲ್ಲೋ ನಮ್ಮನೆ ಸೊಸೆ! ಮಧ್ಯಾಹ್ನಕ್ಕೆ ಏಳೋ ಸೊಸೇನ ಯಾವ ಮನೇಲಿ ಇಟ್ಕೋತಾರೋ?"

"ಬಾಯಿ ಮುಚ್ಕೊಂಡು ಹೋಗ್ತೀಯಾ?"

"ಪ್ಲಗ್ ಎಲ್ಲಿ, ತೋರ್ಸು." ಉಲಾನ್ ಬಗ್ಗಿ ನೋಡಿದ. ಆಗಷ್ಟೇ ಬದಲಿಸಿ ಪಕ್ಕಕ್ಕಿಟ್ಟಿದ್ದ ಹಳೆಯ ಪ್ಲಗ್ಗಿನ ತುದಿ ಮೂಳೆಯ ಹಾಗೆ ಬೆಳ್ಳಗಿತ್ತು. "ಇದೇನೋ? ಇಷ್ಟೆತ್ತರದಲ್ಲಿ ಗಾಳಿ ತೆಳು, ಪೆಟ್ರೋಲ್ ಹೆಚ್ಚಾಗಿ ಕಪ್ಪಾಗ್ಬೇಕು. ಇದು ಉಪವಾಸ ಬಿದ್ದಿರೋ ಪ್ಲಗ್ಗು."

"ಉಪವಾಸ ಅಂತೆ! ಟ್ಯಾಂಕು ತುಂಬಿದೆ. ನೀನು ನಿನ್ನ ಕುದುರೆ ಲದ್ದಿ ನೋಡ್ಕೋ ಹೋಗು."

"ನಾಳೆ ಲಾರಿಗೆ ಎತ್ತಿಹಾಕೋಕೆ ನಾನೇ ಕೈ ಕೊಡ್ತೀನಿ ಬಿಡು," ಎಂದು ನಗುತ್ತಾ ಉಲಾನ್ ಹೊರಟ.

ಮೆದೆರ್ ಸ್ಪಾನರ್ ಎಸೆದ. ಅದು ಹುಲ್ಲಿನಲ್ಲಿ ಕಳೆದುಹೋಗಿ, ಹುಡುಕುತ್ತಾ ಮತ್ತಷ್ಟು ಉರಿದುಕೊಂಡ. ಸಂಜೆಯವರೆಗೂ ಬೈಕು ಬಿಡದೆ ಓಡಿತು. ಗುಡ್ಡ ಹತ್ತಿಸಿದ, ಇಳಿಸಿದ, ಹೊಳೆ ದಾಟಿಸಿದ. ಒಮ್ಮೆಯೂ ಸಾಯಲಿಲ್ಲ. ತಿರುಪು ಸರಿಯಾಯಿತು, ಗೆದ್ದೆ ಎಂದುಕೊಂಡ. ಟ್ಯಾಂಕಿನ ಬಾಯಿಯವರೆಗೂ ಪೆಟ್ರೋಲ್ ತುಂಬಿಸಿ, ಮುಚ್ಚಳ ಬಿಗಿದು, ಡೇರೆಯ ಪಕ್ಕ ನಿಲ್ಲಿಸಿ ಕುದುರೆಗಳನ್ನು ಬಿಡಲು ಹೋದ. ಬಂದಾಗ ಬೈಕಿನ ಮೇಲೆ ಕಂಬಳಿ ಹೊದೆಸಿತ್ತು. ಅಜ್ಜಿಯ ಕೆಲಸ. ಬೆವರಿದ ಕುದುರೆಗೆ ಹೊದೆಸಿದ ಹಾಗೆ. ಹೊದೆಸಿದರೆ ಹೊದೆಸಲಿ ಎಂದು ಒಳಗೆ ಹೋದ.

ಮರುದಿನ ಬೆಳಿಗ್ಗೆ ಒಂದೇ ಒದೆಗೆ ಹೊತ್ತಿಕೊಂಡಿತು. ಮೆದೆರ್ ಕೂಗಿಯೇಬಿಟ್ಟ. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು, ಹಿಂದೆ ಡೇರೆಗಳು ಚಿಕ್ಕದಾದವು, ಮೇಲೆ ದಿಣ್ಣೆಯ ಅಂಚಿನಲ್ಲಿ ಕುದುರೆಗಳ ಬೆನ್ನು ಕಾಣತೊಡಗಿತು.

ಅಷ್ಟರಲ್ಲಿ ಕೆಮ್ಮಿತು.

"ಬೇಡ. ಬೇಡ ಬೇಡ ಬೇಡ." ಚೋಕ್ ಎತ್ತಿದ. ಜೀವ ಬಂತು, ಎಂಟು ಮಾರು ಹೋಯಿತು, ಬಿಕ್ಕಿತು. ಐಡಲ್ ತಿರುಪು ಒಳಗೆ ತಿರುಗಿಸಿದ. ಒಮ್ಮೆ ಗರ್ ಎಂದು ಕಿರುಚಿ ಸತ್ತುಹೋಯಿತು. ಆ ಸದ್ದಿಗೆ ಮೇಲಿನ ಕುದುರೆಗಳು ಬೆಚ್ಚಿ ಮರಿಗಳ ಸಮೇತ ದಿಣ್ಣೆಯ ಆಚೆ ಇಳಿದವು.

ಕೆಳಗೆ ದಾರಿಯಲ್ಲಿ ಧೂಳು ಎದ್ದಿತ್ತು. ಲಾರಿ.

ಮೆದೆರ್ ಬೈಕಿನಿಂದ ಇಳಿದು ಅದನ್ನು ಕೆಳಕ್ಕೆ ಕೆಡವಿದ. ಒದ್ದ, ಈ ಸಲ ಕಿಕ್ಕರಿಗಲ್ಲ, ಸೀಟಿಗೆ. ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು. "ಉಪವಾಸವಾ? ಉಪವಾಸ ಇದ್ದೀಯಾ ನೀನು? ಕುಡಿ, ಗುಡ್ಡಕ್ಕೇ ಕುಡಿಸ್ತೀನಿ ಎಲ್ಲಾ!" ಬೈಕನ್ನು ಎತ್ತಿ ನಿಲ್ಲಿಸಿ, ಪೆಟ್ರೋಲನ್ನೆಲ್ಲ ನೆಲಕ್ಕೆ ಚೆಲ್ಲಿಬಿಡಬೇಕೆಂದು ಟ್ಯಾಂಕಿನ ಮುಚ್ಚಳ ತಿರುಗಿಸಿದ.

ಸ್ಸ್ಸ್ ಎಂದಿತು.

ಮುಳುಗಿ ಮೇಲೆದ್ದವನು ಗಾಳಿ ಎಳೆದುಕೊಂಡ ಹಾಗೆ, ಟ್ಯಾಂಕು ಉದ್ದಕ್ಕೆ ಉಸಿರೆಳೆಯಿತು.

ಮೆದೆರ್‌ನ ಕೈ ಅಲ್ಲೇ ನಿಂತಿತು. ಮುಚ್ಚಳವನ್ನು ಸಡಿಲವಾಗಿಯೇ ಇಟ್ಟು ಮೆಲ್ಲಗೆ ಒದ್ದ. ಟುಕು ಟುಕು ಟುಕು. ಚೋಕ್ ಇಳಿಸಿದ. ಟುಕು ಟುಕು. ಸಾಯಲಿಲ್ಲ.

ಮುಚ್ಚಳ ತೆಗೆದು ಕಣ್ಣಿನ ಹತ್ತಿರ ಹಿಡಿದ. ಅದರ ನೆತ್ತಿಯಿಂದ ಬೆರಳುದ್ದದ ಒಂದು ಕಪ್ಪು ರಬ್ಬರ್ ನಳಿಗೆ ಹೊರಟಿತ್ತು. ಪೆಟ್ರೋಲ್ ಇಳಿದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗುವುದು ಅದರಿಂದಲೇ. ಗಾಳಿ ಹೋಗದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ನಳಿಗೆಯ ಬಾಯಲ್ಲಿ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು. ಕಡ್ಡಿಯಿಂದ ಕೆದಕಿ ಮೂಗಿಗೆ ಹಿಡಿದ.

ಕುರಿಬಾಲದ ಕೊಬ್ಬು. ಅದರಲ್ಲಿ ದೃಷ್ಟಿ ತೆಗೆಯಲು ಸುಡುವ ಆರ್ಚಾ ಸೊಪ್ಪಿನ ಬೂದಿ.

ಈ ವಾಸನೆ ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಕಿವಿನೋವಿಗೆ ಅಜ್ಜಿ ಬಿಸಿ ಮಾಡಿ ಬಿಡುತ್ತಿದ್ದದ್ದು ಇದನ್ನೇ. ಮನೆಗೆ ಬಂದ ಹೊಸ ಪ್ರಾಣಿ, ಹೊಸ ಡೇರೆ, ಹೊಸ ಸೊಸೆ ಎಲ್ಲಕ್ಕೂ ಅವಳು ಇದನ್ನು ಹಚ್ಚದೆ ಬಿಡುವುದಿಲ್ಲ. ಬೈಕು ಬಂದ ದಿನ ಟ್ಯಾಂಕಿಗೂ ಹಚ್ಚಿದ್ದಳು. ಹೊಸ ಬಣ್ಣ ಹಾಳಾಯಿತೆಂದು ಮೆದೆರ್ ಎಲ್ಲರೆದುರು ಕೂಗಾಡಿ, ಉಜ್ಜಿ ಉಜ್ಜಿ ಒರೆಸಿದ್ದ. ಅವನು ಒರೆಸಲಾರದ ಜಾಗ ಹುಡುಕಿಕೊಂಡಿದ್ದಾಳೆ ಮುದುಕಿ! ಸಂಜೆ ಹಚ್ಚುತ್ತಾಳೆ, ಚಳಿಗೆ ಕಲ್ಲಾಗುತ್ತದೆ, ಮಧ್ಯಾಹ್ನದ ಬಿಸಿಲಿಗೆ ಕರಗಿ ದಾರಿ ಬಿಡುತ್ತದೆ. ಬೆಳಿಗ್ಗೆ ಕೆಮ್ಮಿದಷ್ಟೂ ಸಂಜೆ ಇನ್ನಷ್ಟು ಹಚ್ಚಿದ್ದಾಳೆ.

ಮೈಗೆಲ್ಲ ಬೆಂಕಿ ಬಿದ್ದಂತಾಯಿತು. ನಳಿಗೆ ಊದಿ ಚೊಕ್ಕ ಮಾಡಿ, ದಿಣ್ಣೆ ಹತ್ತಿಸಿ ಆಚೆ ಇಳಿದ. ಕುದುರೆಗಳು ಚದುರಿ ನಿಂತಿದ್ದವು. ದೂರದಿಂದಲೇ ಸುತ್ತು ಹಾಕಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಬರೀ ಐಡಲ್‌ನಲ್ಲಿ ಟುಕುಗುಟ್ಟುತ್ತಾ ಹಿಂದೆ ನಿಂತ. ಹಿರಿಯ ಬೂದು ಕುದುರೆ ಕಿವಿ ನಿಗುರಿಸಿತು, ಯೋಚಿಸಿತು, ತಿರುಗಿ ನಡೆಯಿತು. ಉಳಿದವು ಅದರ ಹಿಂದೆ. ಇಳಿಯುವಾಗ ಅವನು ಬಾಯಲ್ಲಿ ಮಾತು ಮಸೆಯುತ್ತಲೇ ಬಂದ. ಏನೇನು ಹೇಳಬೇಕು, ಯಾರೆದುರು ಹೇಳಬೇಕು, ಎಷ್ಟು ಜೋರಾಗಿ. ನಿನ್ನ ಕೊಬ್ಬು, ನಿನ್ನ ದೃಷ್ಟಿ, ನಿನ್ನ ಬೂದಿ. ನನ್ನ ಕೆಂದನ್ನ ನುಂಗೋಕೆ ಹೊರಟಿದ್ಯಲ್ಲ.

ಲಾರಿ ಡೇರೆಯ ಮುಂದೆ ನಿಂತಿತ್ತು, ಹಿಂಬದಿಯ ಹಲಗೆ ಇಳಿಸಿತ್ತು. ಉಲಾನ್ ಜೀನು ಹಾಕಿದ ಕುದುರೆಯ ಲಗಾಮು ಹಿಡಿದು ತಾನೇ ಗುಡ್ಡ ಹತ್ತಲು ತಯಾರಾಗಿದ್ದ. ಓಮುರ್ ಕುದುರೆಗಳನ್ನು ಕಣ್ಣಲ್ಲೇ ಎಣಿಸಿದ. ಮೊದಲ ಮರಿಯನ್ನು ಹಗ್ಗಕ್ಕೆ ಕಟ್ಟಿದ. ಸೂರ್ಯ ಇನ್ನೂ ಗುಡ್ಡ ದಾಟಿರಲಿಲ್ಲ.

"ಏನಾಗಿತ್ತೋ ಅದಕ್ಕೆ?" ಎಂದು ಕೇಳಿದ.

ಮೆದೆರ್ ಬಾಯಿ ತೆರೆದ. ಅಷ್ಟರಲ್ಲಿ ಬುರುಲ್ ಅಜ್ಜಿ ಕೈಯಲ್ಲಿ ಬಟ್ಟಲು ಹಿಡಿದು ಓಡಿಬಂದಳು. ಬೆರಳ ತುದಿ ಬೆಳ್ಳಗೆ ಮಿನುಗುತ್ತಿತ್ತು.

"ನೋಡಿದ್ರಾ, ನೋಡಿದ್ರಾ! ನಿನ್ನೆ ಎರಡರಷ್ಟು ಹಾಕಿದ್ದೆ. ಇವನು ಒರೆಸಿ ಬಿಸಾಕಿದ್ದಕ್ಕೇ ಕಾಯಿಲೆ ಬಿದ್ದಿದ್ದು ಅದು. ದಿನಾ ಸಂಜೆ ಮೂಗಿಗೆ ಹಾಕ್ದೆ, ಕೆಟ್ಟ ಗಾಳಿ ಒಳಗ್ ಹೋಗ್ಬಾರ್ದು ಅಂತ. ಇವತ್ತು ಎದ್ದು ನಿಂತಿತು!"

ಲಾರಿ ಡ್ರೈವರ್ ಮೊದಲು ನಕ್ಕ. ಉಲಾನ್ ನಗಲಿಲ್ಲ. ಅವನ ಕಣ್ಣು ಸಡಿಲ ಮುಚ್ಚಳದ ಮೇಲೆ, ಅಲ್ಲಿಂದ ಅಜ್ಜಿಯ ಬೆರಳಿಗೆ, ಅಲ್ಲಿಂದ ಮೆದೆರ್‌ನ ಮುಖಕ್ಕೆ ಹೋಯಿತು. ತುಟಿ ಬಿಗಿಹಿಡಿದು ಕುದುರೆಯ ಕುತ್ತಿಗೆಗೆ ಮುಖ ಒತ್ತಿಕೊಂಡ, ಭುಜ ಕುಲುಕುತ್ತಿತ್ತು.

ಮೆದೆರ್ ಮಸೆದು ತಂದ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅಜ್ಜಿ ಅವನನ್ನೇ ನೋಡುತ್ತಿದ್ದಳು, ಹಲ್ಲಿಲ್ಲದ ಬಾಯಿ ತುಂಬ ನಗು. ಅವನು ಸಡಿಲ ಮುಚ್ಚಳವನ್ನು ಬಿಗಿದ.

"ಏನೂ ಇಲ್ಲ ಬಾಯ್ಕೆ," ಎಂದ. "ಉಸಿರು ಕಟ್ಟಿತ್ತು."

ಆಮೇಲೆ ಅಜ್ಜಿಯ ಮಣಿಕಟ್ಟನ್ನು ಹಿಡಿದು, ಬೇಕಾದ್ದಕ್ಕಿಂತ ಸ್ವಲ್ಪ ಒರಟಾಗಿಯೇ, ಬೈಕಿನ ಮುಂದಕ್ಕೆ ಎಳೆದುಕೊಂಡು ಹೋದ. ಹ್ಯಾಂಡಲ್ ಮುಂದಿನ ಬಿಳಿ ಪ್ಲಾಸ್ಟಿಕ್ ಹಲಗೆಯ ಮೇಲೆ ಅವಳ ಬೆರಳನ್ನು ಒತ್ತಿ ಹಿಡಿದ.

"ಇದು ಹಣೆ ಆಪಾ. ಇಲ್ಲಿ ಹಚ್ಚು. ಎಷ್ಟು ಬೇಕಾದ್ರೂ ಹಚ್ಚು, ನಾನ್ ಒರೆಸಲ್ಲ. ಮೂಗಿಗೆ ಮಾತ್ರ ಹಚ್ಬೇಡ. ಅದು ಉಸಿರಾಡ್ಬೇಕು."

ಅಜ್ಜಿ ಹಲಗೆಯನ್ನು ನೋಡಿದಳು, ನಳಿಗೆಯನ್ನು ನೋಡಿದಳು. ಒಂದು ಕ್ಷಣ ಅವಳ ನಗು ನಿಂತಿತು. ಬಟ್ಟಲಿನಿಂದ ಮತ್ತಷ್ಟು ಕೊಬ್ಬು ತೆಗೆದು, ಹಲಗೆಯ ಈ ತುದಿಯಿಂದ ಆ ತುದಿಗೆ ದಪ್ಪಗೆ ಬಳಿದಳು.

"ಹಣೆ ಯಾವುದು ಅಂತ ಮೊದ್ಲೇ ಹೇಳಕ್ಕೇನಾಗಿತ್ತೋ, ಕತ್ತೆ?" ಎಂದಳು. "ಬರೀ ಕೂಗಾಡೋದೊಂದು ಕಲ್ತಿದ್ದೀಯ."

ಓಮುರ್ ಲಾರಿಯ ಹಲಗೆಯನ್ನು ಎತ್ತಿ ಚಿಲಕ ಹಾಕಿದ.