ಕ್ಷಮೆ ಕೇಳದ ಸೆನಿಹಾ

ಸೆನಿಹಾ ಹಾನಿಮ್ ಬಾಯಿ ತೆರೆದರೆ, ಆಕೆಯ ಚಿತ್ರಗಳನ್ನು ನೋಡುತ್ತಲೇ ಬೆಳೆದವರೂ ಬೆಚ್ಚಿ ತಿರುಗಿ ನೋಡುತ್ತಿದ್ದರು. ಪರದೆಯ ಮೇಲೆ ಮೃದುಮಧುರವಾಗಿ ನುಡಿದಿದ್ದ ಆ ಕಂಠ ಆಕೆಯದಾಗಿರಲಿಲ್ಲ. ಇಸ್ತಾಂಬುಲಿನ ಸ್ಟುಡಿಯೋಗಳ ಪದ್ಧತಿಯಂತೆ ಬೇರೊಬ್ಬಳು ಧ್ವನಿಕೋಣೆಯಲ್ಲಿ ನಿಂತು ಕೊಟ್ಟ ದನಿ ಅದು. ಆಕೆಯ ಸ್ವಂತ ದನಿಯೋ, ಸಿಗರೇಟಿನ ಹೊಗೆಯಲ್ಲಿ ಹದಗೊಂಡ ಗೊಗ್ಗರು. ನಡಿಗೆಯೂ ಆ ದನಿಗೆ ತಕ್ಕುದೇ. ಬೇಯೋಲು ಬಡಾವಣೆಯ ಇಕ್ಕಟ್ಟಾದ ಬೀದಿಗಳಲ್ಲಿ ಗೋಡೆ ಸವರಿಕೊಂಡು ಹೋಗುವುದು ಆಕೆಗೆ ಗೊತ್ತೇ ಇರಲಿಲ್ಲ. ಕೊರಳಪಟ್ಟಿಯ ತುಪ್ಪಟ ಉದುರಿದ ಹಸಿರು ಕೋಟಿನ ಗುಂಡಿಗಳನ್ನು ಗಂಟಲವರೆಗೂ ಹಾಕಿಕೊಂಡು, ಬೀದಿಯ ನಟ್ಟನಡುವೆ, ಹಿಂದಿನಿಂದ ಹಾರನ್ ಬಡಿಯುವ ಟ್ಯಾಕ್ಸಿಗಳನ್ನು ಕಾಯಿಸುತ್ತ ನಡೆಯುತ್ತಿದ್ದಳು. "ಅರ್ಜೆಂಟಿದ್ರೆ ಹಾರ್ಕೊಂಡು ಹೋಗಪ್ಪ," ಎನ್ನುತ್ತಿದ್ದಳು, ತಿರುಗಿಯೂ ನೋಡದೆ.

ಅರವತ್ತರ ದಶಕದಲ್ಲಿ ಆಕೆ ನಮ್ಮ ಚಿತ್ರಗಳ ಖಾಯಂ ಕ್ಷಯರೋಗಿ. ಸಾಧ್ವಿಯಾದ ಸೊಸೆಯಾಗಿ ಸಕಲ ಅಪಮಾನಗಳನ್ನೂ ಸಹಿಸಿ, ಕೊನೆಯ ದೃಶ್ಯದಲ್ಲಿ ಹಿತ್ತಾಳೆ ಸರಳುಗಳ ಮಂಚದ ಮೇಲೆ ಕರವಸ್ತ್ರಕ್ಕೆ ರಕ್ತ ಕಾರಿ ಆಕೆ ಪ್ರಾಣ ಬಿಡುವಾಗ, ಚಿತ್ರಮಂದಿರದಲ್ಲಿ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ಹೆಂಗಸರ ಕೈಗಳು ಅರ್ಧಕ್ಕೇ ನಿಲ್ಲುತ್ತಿದ್ದವು. ಎಪ್ಪತ್ತರ ನಡುವಿನ ಹೊತ್ತಿಗೆ ಮನೆಮನೆಗೆ ಟೆಲಿವಿಷನ್ ಬಂತು, ಹೆಂಗಸರು ಮನೆಯಲ್ಲೇ ಕೂತು ಅಳತೊಡಗಿದರು. ಬೀದಿಗಳಲ್ಲಿ ಗುಂಡಿನ ಸದ್ದು ಹೆಚ್ಚಾಗಿ ಸಂಸಾರಸ್ಥರು ಸಂಜೆ ಹೊರಬೀಳುವುದನ್ನೇ ಬಿಟ್ಟರು. ಚಿತ್ರಮಂದಿರಗಳಿಗೆ ಉಳಿದವರು ಹಳ್ಳಿಗಳಿಂದ ದುಡಿಯಲು ಬಂದ ಒಂಟಿ ಗಂಡಸರು ಮಾತ್ರ. ಗಾಳಿ ಬೀಸುವ ದಿಕ್ಕನ್ನು ಬೇಗ ಹಿಡಿದ ನಿರ್ಮಾಪಕ ತುರ್ಹಾನ್ ಬೇ, ಅದೇ ಸೆಟ್ಟು, ಅದೇ ದೀಪಗಳಲ್ಲಿ ವಯಸ್ಕರಿಗೆ ಮಾತ್ರವೆಂಬ ಹಾಸ್ಯಚಿತ್ರಗಳನ್ನು ತೆಗೆಯಲು ಹೊರಟು ಸೆನಿಹಾಳನ್ನು ಕರೆಸಿದ.

"ಜನ ಬದಲಾಗಿದಾರೆ ಸೆನಿಹಾ, ನಾವೇನ್ ಮಾಡೋಕಾಗುತ್ತೆ?"

"ಮಂಚ ಅದೇನಾ?"

"ಅದೇ."

"ಹಾಗಾದ್ರೆ ಸರಿ. ಇಷ್ಟು ವರ್ಷ ಅದರ ಮೇಲೆ ಸತ್ತಿದೀನಿ, ಇನ್ಮೇಲೆ ಬದುಕಿ ನೋಡ್ತೀನಿ. ಆದ್ರೆ ನನ್ನ ಹೊಡೆಯೋ ಸೀನು ಒಂದೂ ಇರಬಾರ್ದು."

ಆ ಕರಾರಿನಿಂದ ಆಕೆ ಕದಲಲಿಲ್ಲ. ಆಕೆಯ ಜೊತೆ ನಾಯಕನಾಗಿ ಆ ಚಿತ್ರಗಳಲ್ಲಿ ಕುಣಿದವನು ಎಕ್ರೆಮ್. ಇಬ್ಬರೂ ಸೇರಿ ನಾಲ್ಕೈದು ವರ್ಷ ಇಡೀ ದೇಶದ ಒಂಟಿ ಗಂಡಸರನ್ನು ನಗಿಸಿದರು. ಆಮೇಲೆ ಸೈನ್ಯ ಅಧಿಕಾರ ಹಿಡಿಯಿತು, ಗೋಡೆಗಳ ಮೇಲಿನ ಪೋಸ್ಟರುಗಳನ್ನು ಕೆರೆದು ತೆಗೆದರು. ತುರ್ಹಾನ್ ಬೇ ಹಜ್ ಯಾತ್ರೆ ಮುಗಿಸಿ ಬಂದು, ಗಡ್ಡ ಬಿಟ್ಟು, ಭಕ್ತಿಪ್ರಧಾನ ಚಿತ್ರಗಳ ನಿರ್ಮಾಪಕನಾದ. ಎಕ್ರೆಮ್ ಟೆಲಿವಿಷನ್ ಧಾರಾವಾಹಿಗಳಲ್ಲಿ ದೇಶಕ್ಕೇ ಅಪ್ಪನಾದ. ಸೆನಿಹಾ ಹೋದ ಕಡೆಯೆಲ್ಲ ಬಾಗಿಲುಗಳು ಮುಚ್ಚಿದವು; ಕೊನೆಗೆ ಆಕೆ ಮದುವೆ ಉಡುಪಿನ ಅಂಗಡಿಯೊಂದರಲ್ಲಿ ಕೂತು ವಧುಗಳ ನಿಲುವಂಗಿಗೆ ಮುತ್ತು ಹೊಲಿಯತೊಡಗಿದಳು.

ತೊಂಬತ್ತರ ದಶಕದಲ್ಲಿ ಖಾಸಗಿ ಚಾನೆಲ್ಲುಗಳು ಬಂದಾಗ ಪ್ರೇಕ್ಷಕರ ನಾಲಗೆ ಇನ್ನೊಂದು ರುಚಿ ಕಂಡುಕೊಂಡಿತು: ಹಳೆಯ ನಟಿಯರು ನೇರಪ್ರಸಾರದಲ್ಲಿ ಕಣ್ಣೀರಿಟ್ಟು ಕ್ಷಮೆ ಕೇಳುವುದು. ಸೆನಿಹಾಳಿಗೂ ಕರೆ ಬಂತು. ತನ್ನನ್ನು ವಂಚಿಸಿ ಆ ಚಿತ್ರಗಳಿಗೆ ಎಳೆದರೆಂದು ಆಕೆ ಅತ್ತರೆ, ಎಕ್ರೆಮನ ಹೊಸ ಧಾರಾವಾಹಿಯಲ್ಲಿ ಅಜ್ಜಿಯ ಪಾತ್ರ ಆಕೆಗೇ ಎಂದರು. ಆ ಪಾತ್ರ ಆಕೆಗೆ ಬೇಕಿತ್ತು. ಮುಖದ ಮೇಲೆ ಸ್ಟುಡಿಯೋದ ಬೆಳಕು ಬಿದ್ದು ಒಂದು ತಲೆಮಾರೇ ಕಳೆದುಹೋಗಿತ್ತು. ಅಂಗಡಿಯ ಬಿಳಿ ಬಟ್ಟೆಯ ಥಾನುಗಳ ನಡುವೆ ಆಕೆ ಬೆನ್ನು ಬಾಗಿಸಿ, ಮಂಡಿ ಹಿಡಿದು, ಅಜ್ಜಿಯ ನಡಿಗೆಯನ್ನು ಅಭ್ಯಾಸ ಮಾಡಿದ್ದನ್ನು ಜೊತೆಯ ಹೊಲಿಗೆಯವರು ನೋಡಿದ್ದಾರೆ.

ಕಾರ್ಯಕ್ರಮದ ದಿನ ಎಕ್ರೆಮ್ ಪಕ್ಕದ ಕುರ್ಚಿಯಲ್ಲಿ ಪಿತೃವಾತ್ಸಲ್ಯದ ನಗೆ ಹೊತ್ತು ಕೂತಿದ್ದ. ನಿರೂಪಕಿ ಮೊದಲೇ ಕಾಗದದ ಕರವಸ್ತ್ರ ಚಾಚಿ, "ನಿಮ್ಮನ್ನ ಮೋಸ ಮಾಡಿ ಎಳ್ಕೊಂಡ್ ಹೋದ್ರು ಅಲ್ವಾ, ಅಕ್ಕಾ?" ಎಂದಳು.

ಸೆನಿಹಾ ಆ ಕರವಸ್ತ್ರವನ್ನು ಒಂದು ಕ್ಷಣ ನೋಡಿದಳು. "ಇಲ್ಲಮ್ಮ. ಕಥೆ ಓದಿಯೇ ಒಪ್ಕೊಂಡೆ. ಓದೋಕೆ ಜಾಸ್ತಿ ಏನೂ ಇರ್ಲಿಲ್ಲ."

ಸಭಿಕರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಿರೂಪಕಿ ತಡವರಿಸಿದಳು. "ಆದ್ರೂ ಇವತ್ತು ಪಶ್ಚಾತ್ತಾಪ ಅಂತ..."

"ಪಡೋಣ ಬಿಡು. ಎಕ್ರೆಮಣ್ಣ ಶುರು ಮಾಡ್ಲಿ, ನಾನೂ ಸೇರ್ಕೋತೀನಿ. ಆ ಮಂಚದ ಮೇಲೆ ನಾನೊಬ್ಳೇ ಇರ್ಲಿಲ್ವಲ್ಲ!"

ತಕ್ಷಣ ಜಾಹೀರಾತು ಹಾಕಿದರು. ಟೈ ಸಡಿಲಿಸಿಕೊಳ್ಳುತ್ತ ಎಕ್ರೆಮ್ ಪಿಸುಗುಟ್ಟಿದ: "ಹುಚ್ಚೀ, ಪಾತ್ರ ಹೋಯ್ತಲ್ಲೇ!"

"ಹೋಗ್ಲಿ ಬಿಡಣ್ಣ," ಎಂದು ಎದ್ದಳು. ಹೊರಗೆ ಬಂದಮೇಲೆ ಮಾತ್ರ ಸಿಗರೇಟು ಹಚ್ಚಲು ಕಾವಲುಗಾರನ ನೆರವು ಬೇಕಾಯಿತು. ಪಾತ್ರ ಬೇರೊಬ್ಬಳಿಗೆ ಸಿಕ್ಕಿತು. ಪ್ರತಿ ವಾರ ಆ ಧಾರಾವಾಹಿಯನ್ನು ತಪ್ಪದೆ ನೋಡುತ್ತ, "ಏಳುವಾಗ ಮಂಡಿ ಹಿಡ್ಕೋಬೇಕು ಕಣೇ, ಸೊಂಟ ಅಲ್ಲ!" ಎಂದು ಆಕೆ ಪರದೆಯನ್ನು ಬೈಯುತ್ತಿದ್ದುದೂ ನಿಜ.

ಕಾರ್ಯಕ್ರಮದ ಮರುದಿನ, ಎಂದಿನಂತೆ ಒಂದು ಲೋಟ ಉಪ್ಪಿನಕಾಯಿಯ ಹುಳಿನೀರು ಕುಡಿಯಲು ಬೀದಿಯ ಉಪ್ಪಿನಕಾಯಿ ವ್ಯಾಪಾರಿ ಹಮ್ದಿಯ ಅಂಗಡಿಗೆ ಹೋದಳು. ವರ್ಷಗಟ್ಟಲೆ ತಲೆ ಎತ್ತದೆ ಲೋಟ ಕೊಟ್ಟಿದ್ದ ಹಮ್ದಿ, ಅಂದು ಗಿರಾಕಿಗಳೆಲ್ಲರ ಎದುರು ಗಂಟಲು ಸರಿಮಾಡಿಕೊಂಡ.

"ಅಕ್ಕಾ, ನಿನ್ನೆ ಟಿವಿ ನೋಡ್ದೆ. ಆ... ಆ ಹಳೇ ಚಿತ್ರಗಳನ್ನೂ ನೋಡಿದೀನಿ. ಹಿಂದಿನ ಸಾಲಲ್ಲಿ, ಟೋಪಿ ಕೆಳಗೆಳ್ಕೊಂಡು."

ಸೆನಿಹಾ ಲೋಟವನ್ನು ಕೆಳಗಿಟ್ಟಳು.

"ನಗು ಬಂತಾ?"

"ತುಂಬಾ ನಕ್ಕೆ ಅಕ್ಕಾ. ಆಗ ನಗೋಕೆ ಬೇರೇನೂ ಇರ್ಲಿಲ್ಲ."

"ಹಾಗಾದ್ರೆ ಅದನ್ನ ತಲೆ ಎತ್ತಿ ಹೇಳೋ!"

ಹಮ್ದಿ ತಲೆ ಎತ್ತಿ, ಕಿವಿಯವರೆಗೂ ಕೆಂಪೇರಿ, ಮತ್ತೊಮ್ಮೆ ಹೇಳಿದ.

ಲೋಕದ ರುಚಿ ಬದಲಾದಾಗಲೆಲ್ಲ ಉಣಬಡಿಸಿದವರು ಕೈ ತೊಳೆದುಕೊಳ್ಳುತ್ತಾರೆ, ಉಂಡವರು ಬಾಯೊರೆಸಿಕೊಳ್ಳುತ್ತಾರೆ, ಎಂಜಲಿನ ಅಪವಾದ ಮಾತ್ರ ಒಬ್ಬ ಹೆಂಗಸಿನ ಪಾಲಿಗೆ ಉಳಿಯುತ್ತದೆ. ಅದನ್ನು ಹೊತ್ತು ಅತ್ತವರನ್ನು ನಾವು ಉದಾರವಾಗಿ ಕ್ಷಮಿಸಿ, ಸುಖವಾಗಿ ಮರೆತುಬಿಡುತ್ತೇವೆ. ಸೆನಿಹಾಳಂಥವರು ಕ್ಷಮೆಯನ್ನೇ ಒಲ್ಲೆನೆನ್ನುತ್ತಾರೆ. ಅವರು ಎದುರು ಬಂದಾಗಲೆಲ್ಲ ನಾವೊಮ್ಮೆ ಏನನ್ನು ಬಯಸಿದ್ದೆವೆಂಬುದು ನಮಗೆ ನೆನಪಾಗುತ್ತದೆ. ಅವರನ್ನು ಕಂಡರೆ ನಮಗೆ ಅಷ್ಟೊಂದು ಸಿಟ್ಟು ಬರುವುದು ಅದಕ್ಕೇ.