ಮೂರನೇ ತಿರುವಿನಲ್ಲಿ ಕಳಚಿದ ಪೈಪು

ಗೇರಕ್ಕನ ಗಾಡಿ ಗುಡ್ಡದ ಏರುದಾರಿಯ ಮೂರನೇ ತಿರುವಿನಲ್ಲಿ ‘ಫಟ್’ ಎಂದಿತು. ಆ ವಾರದಲ್ಲಿ ಅದು ಮೂರನೇ ಸಲ. ಅಲ್ಲಿಯವರೆಗೆ ಹುಮ್ಮಸ್ಸಿನಿಂದ ಎಳೆಯುತ್ತಿದ್ದ ಎಂಜಿನ್ನಿಗೆ ಉಸಿರು ಸಿಕ್ಕಿಹಾಕಿಕೊಂಡಂತಾಗಿ, ಹಿಂದೆ ಕಪ್ಪು ಹೊಗೆ ಎದ್ದಿತು. ಬಾನೆಟ್ಟಿನ ಕೆಳಗೆ ಬುಸ್ಸೆಂದು ಗಾಳಿ ಸೋರತೊಡಗಿತು. ಆಕ್ಸಿಲರೇಟರನ್ನು ತುಳಿದಷ್ಟೂ ಗಾಡಿ ಕೂಗಾಡಿತೇ ಹೊರತು ಹತ್ತಲಿಲ್ಲ. ಅವಳು ಬೈಯಲಿಲ್ಲ. ಹಿಂದಿನ ಎರಡು ಸಲಕ್ಕೇ ಬೈಗುಳದ ದಾಸ್ತಾನು ಖಾಲಿಯಾಗಿತ್ತು. ಗಾಡಿ ತಿರುಗಿಸಿಕೊಂಡು ಮೆಲ್ಲಗೆ ಇಳಿಸಿ, ಗುಡ್ಡದ ಬುಡದಲ್ಲಿದ್ದ ಸೋದರಮಾವನ ಶೆಡ್ಡಿನ ಮುಂದೆ ನಿಲ್ಲಿಸಿದಳು. ಗಂಟೆ ಒಂದಾಗಿತ್ತು.

ಮೂರು ಗಂಟೆಗೆ ಗುಡ್ಡದ ಮೇಲಿನ ಶಾಲೆಯ ಹೆಡ್ ಮೇಡಂ ಇದೇ ಗಾಡಿಯಲ್ಲಿ ಕೂತು ಪರೀಕ್ಷೆ ಮಾಡುವವರಿದ್ದರು. ಹೋದ ವರ್ಷದ ವ್ಯಾನು ಅರ್ಧ ದಾರಿಯಲ್ಲಿ ಕೈಕೊಟ್ಟು, ಇಸ್ತ್ರಿ ಮಾಡಿದ ಬಟ್ಟೆ ತೊಟ್ಟ ಮಕ್ಕಳೇ ಅದನ್ನು ತಳ್ಳಿದ್ದರು. ಅಂದಿನಿಂದ ಮೇಡಂ ಷರತ್ತು ಹಾಕಿದ್ದರು: ಸೀಟೆಲ್ಲ ಭರ್ತಿಯಾಗಿ, ಬುಡದಿಂದ ಗೇಟಿನವರೆಗೆ ಎಲ್ಲೂ ನಿಲ್ಲದೆ ಹತ್ತಿದ ಗಾಡಿಗೇ ಮಕ್ಕಳನ್ನು ಕರೆದೊಯ್ಯುವ ಕೆಲಸ. ಗೇರಕ್ಕನ ಗಾಡಿ ಹತ್ತದಿದ್ದರೆ ನಾಳೆ ಇನ್ನೊಬ್ಬ ಡ್ರೈವರನ ಸರದಿ.

ಹನ್ನೊಂದು ವರ್ಷ ಅವಳು ಬೇರೆಯವರ ಗಾಡಿ ಓಡಿಸಿದ್ದಳು. ಯಾರದೋ ವಿಮಾನಕ್ಕೆ, ಯಾರದೋ ರೈಲಿಗೆ ಹೊತ್ತುಗೊತ್ತಿಲ್ಲದೆ ಓಡಿ, ಸ್ಟೇರಿಂಗಿನ ಮೇಲೆ ಡಬ್ಬಿ ಇಟ್ಟುಕೊಂಡು ಉಂಡಿದ್ದಳು. ಹಿಂದೆ ಕೂತವರಿಗೆ ಗೇರು ಬದಲಾದದ್ದೇ ತಿಳಿಯದಂತೆ ಓಡಿಸುತ್ತಾಳೆಂದು ಬಂದ ಹೆಸರು ಎಷ್ಟು ಗಟ್ಟಿಯಾಗಿತ್ತೆಂದರೆ, ಹೆತ್ತ ತಾಯಿಯೂ ಅವಳನ್ನು ಹಾಗೆಯೇ ಕರೆಯುತ್ತಿದ್ದಳು. ಹೋದ ತಿಂಗಳು ಏಳು ಸೀಟಿನ ಈ ಹಳೆಯ ಡೀಸೆಲ್ ಗಾಡಿಯನ್ನು ಸ್ವಂತಕ್ಕೆ ಕೊಂಡಿದ್ದಳು. ದಿನವೂ ಒಂದೇ ದಾರಿ, ಒಂದೇ ಹೊತ್ತು, ಹೆಸರು ಹಿಡಿದು ಕರೆಯುವ ಮಕ್ಕಳು. ಇಷ್ಟು ಸಿಕ್ಕರೆ ಬೇರೇನೂ ಬೇಡ ಅನ್ನಿಸಿತ್ತು ಅವಳಿಗೆ.

ಮಾವ ಬಾನೆಟ್ ಎತ್ತಿ ನೋಡಿ, ಗಡ್ಡ ಕೆರೆದುಕೊಂಡರು. ಮೆಕ್ಯಾನಿಕ್ ಆಗಿ ಅವರಿಗೆ ಮೂವತ್ತೈದು ವರ್ಷ. ಅವಳಿಗೆ ಸ್ಟೇರಿಂಗ್ ಹಿಡಿಯುವುದನ್ನೂ ಸ್ಪ್ಯಾನರ್ ಹಿಡಿಯುವುದನ್ನೂ ಕಲಿಸಿದವರು ಅವರೇ. ರೋಗ ಏನೆಂದು ಇಬ್ಬರಿಗೂ ಗೊತ್ತಿತ್ತು. ಟರ್ಬೊ ಎಂದರೆ ಹೊಗೆಯ ರಭಸಕ್ಕೆ ಬುಗುರಿಯಂತೆ ತಿರುಗುತ್ತ ಎಂಜಿನ್ನಿಗೆ ಗಾಳಿಯನ್ನು ಒತ್ತಿ ಒತ್ತಿ ಉಣಿಸುವ ಯಂತ್ರ. ಆ ಗಾಳಿ ಹೋಗುವುದು ಮುಂಗೈಯಷ್ಟು ದಪ್ಪದ ರಬ್ಬರ್ ಪೈಪಿನಲ್ಲಿ. ಸಪಾಟು ದಾರಿಯಲ್ಲಿ ಪೈಪು ಸುಮ್ಮನಿರುತ್ತಿತ್ತು. ಏರಿನಲ್ಲಿ ಒತ್ತಡ ಹೆಚ್ಚಿದ ಕೂಡಲೇ ಲೋಹದ ಮೂತಿಯಿಂದ ಕಳಚಿಕೊಳ್ಳುತ್ತಿತ್ತು. ಮೊದಲ ಸಲ ಅವಳೇ ಸಿಕ್ಕಿಸಿದ್ದಳು, ಎರಡನೇ ಸಲ ಮಾವ. ಯಾಕೆ ಕಳಚುತ್ತಿದೆ ಎಂಬುದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ.

“ಪೈಪು ಬಿಗಿಯೋ ಕ್ಲಿಪ್ಪಿಂದೇ ದೋಷ,” ಎಂದರು ಮಾವ, ಹೋದ ಸಲವೂ ಹಾಗೆಯೇ ಹೇಳಿ ಹೊಸ ಕ್ಲಿಪ್ ಹಾಕಿದ್ದನ್ನು ಮರೆತವರಂತೆ.

ಶೆಡ್ಡಿನ ಹಿಂದೆಯೇ ಅವರ ಮನೆ. ಅಡುಗೆಮನೆಯ ಕಿಟಕಿಯಿಂದ ಎಲ್ಲವನ್ನೂ ನೋಡುತ್ತಿದ್ದ ಅತ್ತೆ, ಈ ಗಾಡಿ ಇಷ್ಟು ಸಲ ತವರಿಗೆ ಬರುವುದಾದರೆ ಇದಕ್ಕೂ ಒಂದು ತಟ್ಟೆ ಹಾಕುತ್ತೇನೆ ಎಂದರು. ಮಾವ ಕೇಳಿಸಿಕೊಳ್ಳಲಿಲ್ಲ. ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವ ಕಿವಿ ಅವರದು. ಮದುವೆಯಾದ ಮೊದಲ ವರ್ಷವೇ ಅದನ್ನು ಸಂಪಾದಿಸಿದ್ದರು.

ಎಂಜಿನ್ ಆರಲು ಅರ್ಧ ಗಂಟೆ ಬೇಕಾಯಿತು. ಅಷ್ಟು ಹೊತ್ತು ಗೇರಕ್ಕ ಗಡಿಯಾರ ನೋಡುವುದು, ಮಾವ ಡಬ್ಬಿಯಲ್ಲಿ ಕ್ಲಿಪ್ ಹುಡುಕುವುದು. ಕೊನೆಗೆ ಮಾವ ಅಗಲವಾದ ಹೊಸ ಕ್ಲಿಪ್ಪೊಂದನ್ನು ಆರಿಸಿ, ಸಣ್ಣ ಎಣ್ಣೆಗಿಂಡಿಯನ್ನು ಬಗ್ಗಿಸಿ, ಬೆರಳ ತುಂಬ ಎಣ್ಣೆ ತೆಗೆದು ಪೈಪಿನ ಬಾಯಿಯ ಒಳಗೆ ಸುತ್ತಲೂ ಸವರಿದರು. ಅದು ಆ ಶೆಡ್ಡಿನ ಕಟ್ಟಳೆ. ರಬ್ಬರ್ ಪೈಪು ಯಾವುದೇ ಇರಲಿ, ಎಣ್ಣೆ ಮುಟ್ಟಿಸದೆ ಮಾವ ಸಿಕ್ಕಿಸಿದವರಲ್ಲ. ಅವರ ಕೈಯಲ್ಲಿ ಕಲಿತವರೂ ಅಷ್ಟೇ. ಅವಳೂ ಮೊದಲ ಸಲ ಹಾಗೆಯೇ ಸವರಿದ್ದಳು. ಎರಡನೇ ಸಲ ಮಾವ, ಅವಳು ಎಣ್ಣೆ ಕಡಿಮೆ ಹಾಕಿದ್ದಳೆಂದು ಗೊಣಗಿ ಎರಡು ಪಟ್ಟು ಹಾಕಿದ್ದರು.

“ಹಿಡ್ಕೋ,” ಎಂದು ಪೈಪನ್ನು ಅವಳ ಕೈಗೆ ಕೊಟ್ಟರು.

ಪೈಪು ಕೈಯಿಂದ ನುಣುಚಿ ನೆಲಕ್ಕೆ ಬಿತ್ತು. ಎತ್ತಿಕೊಂಡಳು. ಮತ್ತೆ ಜಾರಿತು. ಮೂರನೇ ಸಲ ಎರಡೂ ಕೈಯಲ್ಲಿ ಅವುಚಿ ಹಿಡಿದು, ಪೈಪಿನ ಬಾಯನ್ನೇ ನೋಡಿದಳು. ಅಷ್ಟು ಗಟ್ಟಿಯಾಗಿ ಹಿಡಿದ ಕೈಗೇ ನಿಲ್ಲದ್ದು ಕ್ಲಿಪ್ಪಿಗೆ ನಿಂತೀತೇ?

ಹೊಳೆದದ್ದನ್ನು ಹೇಳುವುದು ಹೇಗೆಂಬುದು ಇನ್ನೊಂದು ಫಜೀತಿಯಾಯಿತು. ನೀವು ಮೂವತ್ತೈದು ವರ್ಷದಿಂದ ಮಾಡಿಕೊಂಡು ಬಂದದ್ದೇ ತಪ್ಪು ಎಂದು, ಅನ್ನ ಹುಟ್ಟುವ ವಿದ್ಯೆ ಕಲಿಸಿದವರ ಮುಖಕ್ಕೆ ಹೇಳುವುದಕ್ಕೆ ಬಾಯಿ ಬರಬೇಕಲ್ಲ. ಸುಮ್ಮನಿದ್ದರೆ ಮೂರನೇ ತಿರುವು ಕಾಯುತ್ತಿತ್ತು. ಅವಳು ಕಿಟಕಿಯತ್ತ ನೋಡಿದಳು. ಅತ್ತೆಯ ಬೆರಳಲ್ಲಿ ವರ್ಷಗಳಿಂದ ಬಿಗಿದು ಕೂತ ಉಂಗುರ ಕಾಣಿಸಿತು.

“ಮಾವ, ಅತ್ತೆ ಉಂಗುರ ತೆಗೀಬೇಕು ಅಂದ್ರೆ ಏನು ಮಾಡ್ಬೇಕು?”

“ಈಗ್ಯಾಕೆ ಅದು? ಗಂಟೆ ಎರಡಾಯ್ತು.”

“ಹೇಳಿ ಅಂದ್ರೆ.”

“ಅದ್ರಲ್ಲೇನಿದೆ,” ಎಂದರು ಮಾವ ಸ್ಪ್ಯಾನರ್ ಹುಡುಕುತ್ತಲೇ. “ಎರಡು ತೊಟ್ಟು ಎಣ್ಣೆ ಬಿಡು. ಎಷ್ಟೇ ಬಿಗಿ ಇದ್ರೂ ತಾನಾಗೇ ಜಾರ್ಕೊಂಡು ಬರುತ್ತೆ.”

ಹೇಳಿದ ಮೇಲೆ ಅವರ ಕೈ ಅಲ್ಲೇ ನಿಂತಿತು. ಅವಳ ಕೈಯಲ್ಲಿದ್ದ ಪೈಪನ್ನು ನೋಡಿದರು. ಎಣ್ಣೆ ಮೆತ್ತಿದ ತಮ್ಮ ಬೆರಳನ್ನು ನೋಡಿದರು. ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಮೆಲ್ಲಗೆ ಕೂತರು. ಮಾವ ತಲೆ ತಗ್ಗಿಸಿದ್ದರು, ಭುಜ ಅಲುಗುತ್ತಿತ್ತು. ಅವಳು ಬಗ್ಗಿ ನೋಡಿದರೆ, ಅವರು ಸದ್ದಿಲ್ಲದೆ ನಗುತ್ತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳಲು ಹೋಗಿ ಕೆನ್ನೆಗೂ ಎಣ್ಣೆ ಹಚ್ಚಿಕೊಂಡರು.

“ರೇಡಿಯೇಟರ್ ನೀರಿನ ಪೈಪಿಗೆ ನಡೀತಿತ್ತು ಕಣೇ,” ಎಂದರು ಉಸಿರು ಸಿಕ್ಕಿದ ಮೇಲೆ. “ನೀರು ಇಷ್ಟು ಜೋರಾಗಿ ಒದೆಯಲ್ಲ. ಈ ಗಾಳಿ ಒದೆಯುತ್ತೆ. ಅದು ಆಚೆ ಹೋಗ್ತೀನಿ ಅಂತ ಒದ್ದಾಗೆಲ್ಲ, ನಾನು ಬಾಗಿಲಿಗೆ ಎಣ್ಣೆ ಹಾಕಿ ಕಳಿಸಿಕೊಟ್ಟಿದ್ದೀನಿ.”

“ನಾನೂ ಹಾಕಿದ್ದೆ ಮಾವ.”

“ನೀನು ಹಾಕಿದ್ದು ನಾನು ಹೇಳಿಕೊಟ್ಟಿದ್ದಕ್ಕೆ. ಅದೂ ನನ್ನ ತಲೆಗೇ ಇರಲಿ.”

ಅತ್ತೆ ಕಿಟಕಿಯಲ್ಲೇ ಬೆರಳು ತಿರುಗಿಸಿಕೊಳ್ಳುತ್ತ, “ಉಂಗುರ ಬಿಗಿ ಆಯ್ತು ರೀ ಅಂತ ಆರು ವರ್ಷದಿಂದ ಹೇಳ್ತಿದ್ದೀನಿ. ಉಪಾಯ ಗೊತ್ತಿತ್ತು ಅಂತ ಇವತ್ತು ತಿಳೀತು,” ಎಂದರು.

ಆಮೇಲೆ ಕೆಲಸ ಚುರುಕಾಯಿತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಗೇರಕ್ಕ ಪೈಪಿನ ಬಾಯನ್ನು ಒಳಗೂ ಹೊರಗೂ ಉಜ್ಜಿದಳು; ಮಾವ ಲೋಹದ ಮೂತಿಯನ್ನು ಉಜ್ಜಿದರು. ಬಟ್ಟೆಗೆ ಜಿಡ್ಡು ಹತ್ತುವುದು ನಿಲ್ಲುವವರೆಗೆ ಬಿಡಲಿಲ್ಲ. ಈಗ ಪೈಪು ಎಷ್ಟು ಒಣಗಿತ್ತೆಂದರೆ ಮೂತಿಯ ಮೇಲೆ ಏರಲೇ ಒಪ್ಪಲಿಲ್ಲ. ಮಾವನ ಕೈ ಅಭ್ಯಾಸಬಲದಿಂದ ಎಣ್ಣೆಗಿಂಡಿಯ ಕಡೆ ಹೋಯಿತು. ಅವಳು ಗಿಂಡಿಯನ್ನು ಸರಕ್ಕನೆ ತೆಗೆದು ಅತ್ತೆಯ ಕೈಗೆ ದಾಟಿಸಿದಳು. ಅತ್ತೆ ಅದನ್ನು ಒಳಗಿಟ್ಟು, ಬದಲಿಗೆ ಒಂದು ಪಾತ್ರೆ ಬಿಸಿನೀರು ತಂದರು. ಅದರಲ್ಲಿ ಬಾಯಿ ಅದ್ದಿದ ರಬ್ಬರು ಮೆತ್ತಗಾಯಿತು. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಇಬ್ಬರೂ ಹಲ್ಲು ಕಚ್ಚಿ ತಳ್ಳಿದರು. ಮೂತಿಯ ತುದಿಯಲ್ಲಿ ಉಬ್ಬಿದ ಏಣು ಸುತ್ತಲೂ ಇತ್ತು. ಪೈಪು ಅದನ್ನು ದಾಟಿ ಕಚ್ಚಿ ಕೂತಿತು. ಕ್ಲಿಪ್ಪನ್ನು ಏಣಿನ ಹಿಂದೆ ಸರಿಯಾಗಿ ಕೂರಿಸಿ ಬಿಗಿದಳು. ಮಾವ ಪೈಪು ಹಿಡಿದು ಜಗ್ಗಿದರು. ಗಾಡಿಯೇ ಅಲುಗಿತು, ಪೈಪು ಅಲುಗಲಿಲ್ಲ.

ಒಂದು ಸಲ ಓಡಿಸಿ ನೋಡೋಣ ಎಂದುಕೊಳ್ಳುವಷ್ಟರಲ್ಲಿ ಹೆಡ್ ಮೇಡಂ ಹತ್ತು ನಿಮಿಷ ಮೊದಲೇ ಬಂದರು. ಜೊತೆಗೆ ಮೂವರು ಟೀಚರುಗಳು. ಡ್ರೈವರ್ ಬಿಟ್ಟು ಆರು ಜನ ಕೂರಬೇಕಿತ್ತು. ಇನ್ನಿಬ್ಬರಿಗೆ ಏನು ಮಾಡುವುದೆಂದು ಮೇಡಂ ಕೇಳುವ ಮೊದಲೇ, ತೂಕಕ್ಕೆ ನಾವಿದ್ದೇವಲ್ಲ ಎಂದು ಅತ್ತೆ ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಸೀಟು ಹತ್ತಿದರು. ಮಾವ ಸ್ಪ್ಯಾನರನ್ನು ಅಂಗಿಯೊಳಗೆ ಮರೆಮಾಡಿಕೊಂಡು ಅವರ ಪಕ್ಕ ಕೂತರು.

ಮೊದಲ ತಿರುವು ಕಳೆಯಿತು. ಎರಡನೆಯದೂ ಕಳೆಯಿತು. ಗೇರಕ್ಕನ ಕಣ್ಣು ದಾರಿಯಲ್ಲಿದ್ದರೂ ಪ್ರಾಣವೆಲ್ಲ ಕಿವಿಯಲ್ಲಿತ್ತು. ಹಿಂದಿನಿಂದ ಮಾವನ ಉಸಿರೂ ಕೇಳುತ್ತಿರಲಿಲ್ಲ. ಮೂರನೇ ತಿರುವಿನಲ್ಲಿ ಎರಡನೇ ಗೇರಿಗಿಳಿಸಿ ಆಕ್ಸಿಲರೇಟರ್ ತುಳಿದಳು. ಟರ್ಬೊ ಸಣ್ಣಗೆ ಸಿಳ್ಳೆ ಹಾಕಿತು. ಸಿಳ್ಳೆ ಏರಿತು, ಇನ್ನೂ ಏರಿತು, ಮತ್ತು ಏಳು ಜನರನ್ನು ಹೊತ್ತ ಗಾಡಿ, ಹಿಂದಿನಿಂದ ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದಂತೆ ತಿರುವನ್ನು ದಾಟಿ ಮೇಲಕ್ಕೆ ನುಗ್ಗಿತು. ಕನ್ನಡಿಯಲ್ಲಿ ನೋಡಿದಳು. ಹೊಗೆಯಿರಲಿಲ್ಲ. ಕೆನ್ನೆಯ ಎಣ್ಣೆ ಹೊಳೆಯುತ್ತಿದ್ದ ಮಾವನ ಮುಖವಿತ್ತು, ಅದರ ತುಂಬ ಹಲ್ಲಿತ್ತು.

ಗೇಟಿನ ಮುಂದೆ ಮೇಡಂ ಇಳಿದರು. ಗಾಡಿಯ ಸುತ್ತ ಒಂದು ಸುತ್ತು ಬಂದರು. ಸೋಮವಾರ ಬೆಳಿಗ್ಗೆ ಏಳೂವರೆಗೆ ಬನ್ನಿ ಎಂದರು.

“ಮಕ್ಕಳು ಲೇಟಾಗಿ ಬರ್ತಾರೆ. ನೀವು ಹಾಗೆ ಬರಬೇಡಿ.”

ಗೇರಕ್ಕ ‘ಆಯ್ತು ಮೇಡಂ’ ಎಂದಳು. ತಲೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ಆಡಿಸಿದಳು. ಟೀಚರುಗಳು ಒಳಗೆ ಹೋದ ಮೇಲೆ ಗಾಡಿಯಲ್ಲಿ ಮೂವರೇ ಉಳಿದರು.

“ಇನ್ನೊಂದು ಸಲ ಹತ್ತಿಸೇ,” ಎಂದರು ಅತ್ತೆ. “ನಾನು ಭಯಕ್ಕೆ ಬುಡದಿಂದ ಇಲ್ಲೀತನಕ ಕಣ್ಣು ಮುಚ್ಕೊಂಡಿದ್ದೆ, ಏನೂ ನೋಡಲಿಲ್ಲ.”

ಡೀಸೆಲ್ ದಂಡ ಎಂದು ಮಾವ ಗೊಣಗಿದರು. ಗೊಣಗುತ್ತಲೇ ಇಳಿದು ಬಂದು, ಟರ್ಬೊದ ಸಿಳ್ಳೆ ಚೆನ್ನಾಗಿ ಕೇಳಿಸುತ್ತದೆಂದು ಮುಂದಿನ ಸೀಟಿನಲ್ಲಿ ಕೂತು ಕಿಟಕಿ ಇಳಿಸಿದರು. ಗೇರಕ್ಕ ಗುಡ್ಡದ ಬುಡದವರೆಗೆ ಹೋಗಿ ಗಾಡಿ ತಿರುಗಿಸಿದಳು.